ಜ್ವರವೇ ಇಲ್ಲ, ಆಂಟಿಬಯಾಟಿಕ್ ಯಾಕೆ?

ಪ್ರಶ್ನೆ: ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವ ನಮ್ಮ ತಂದೆಯವರನ್ನು ರಕ್ತವಾಂತಿಯಾಗಿ ರಾಯಚೂರಿನಲ್ಲಿ ದಾಖಲಿಸಿದ್ದೇವೆ. ಜ್ವರವಿಲ್ಲದಿದ್ದರೂ ದಿನವೂ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಕೆಟ್ಟ ಲಿವರ್ ಇದರಿಂದ ಇನ್ನಷ್ಟು ಕೆಡುವುದಿಲ್ಲವೇ?

ಉತ್ತರ: ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯವರು ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಬರೆಯುತ್ತೇನೆ. ಈ ಸಲ ಕತ್ತರಿಸಿ ಇಟ್ಟುಕೊಳ್ಳಿ.

ಜ್ವರ ಬಂದ ಮೇಲೆಯೇ ಆಂಟಿಬಯಾಟಿಕ್ ಎಂಬ ಮಾತು ಸಿರೋಸಿಸ್ ರೋಗಿ ರಕ್ತ ಕಾರಿದಾಗ ನಡೆಯುವುದಿಲ್ಲ. ರಕ್ತಸ್ರಾವದ ಹೊಡೆತಕ್ಕೆ ಕರುಳಿನ ಗೋಡೆಯ ಕಾವಲು ಸಡಿಲವಾಗಿ, ಒಳಗಿನ ಬ್ಯಾಕ್ಟೀರಿಯಾ ಹೊರನುಸುಳುತ್ತವೆ. ಅವನ್ನು ಸೋಸಬೇಕಾದ ಲಿವರ್ ಸೋತಿರುವುದರಿಂದ ಹೊಟ್ಟೆಯಲ್ಲಿ ತುಂಬಿದ ನೀರು, ಮೂತ್ರನಾಳ, ಶ್ವಾಸಕೋಶ, ಕೊನೆಗೆ ರಕ್ತಕ್ಕೂ ಸೋಂಕು ತಗಲಬಹುದು. ಇಂಥ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಆಸ್ಪತ್ರೆಗೆ ಬರುವಾಗಲೇ ಸೋಂಕು ಹೊತ್ತಿರುತ್ತಾರೆ, ಅದೂ ಎಷ್ಟೋ ಸಲ ಜ್ವರವಿಲ್ಲದೆ. ಸೋಂಕಾದರೆ ನಿಂತ ರಕ್ತ ಮತ್ತೆ ಹರಿಯುವ ಸಾಧ್ಯತೆಯೂ ಹೆಚ್ಚು.

ಇನ್ನು ‘ಇಂಜೆಕ್ಷನ್ ಲಿವರ್ ಸುಡುತ್ತದೆ’ ಎಂಬುದು. ಕೆಲವು ಆಂಟಿಬಯಾಟಿಕ್‌ಗಳು ಲಿವರ್‌ಗೆ ಹಾನಿ ಮಾಡುವುದು ನಿಜ. ಆದರೆ ಇಲ್ಲಿ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ದಿನಕ್ಕೊಮ್ಮೆ 1 ಗ್ರಾಂ, ಹೆಚ್ಚೆಂದರೆ 7 ದಿನ. ಅದು ಪಿತ್ತದ ಜೊತೆಗೆ ಮೂತ್ರದಲ್ಲಿಯೂ ಹೊರಹೋಗುವುದರಿಂದ ಲಿವರ್ ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ಪ್ರಮಾಣ ತಗ್ಗಿಸಬೇಕಿಲ್ಲ. ಸ್ಪೇನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಸಿರೋಸಿಸ್ ಇದ್ದು ನಾರ್ಫ್ಲಾಕ್ಸಾಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಮಾತ್ರೆ ಪಡೆದವರಲ್ಲಿ ಶೇ 33ರಷ್ಟು ಮಂದಿಗೆ ಸೋಂಕು ಕಂಡರೆ, ಸೆಫ್ಟ್ರಿಯಾಕ್ಸೋನ್ ಪಡೆದವರಲ್ಲಿ ಅದು ಶೇ 11 ಮಾತ್ರ. 2010ರಲ್ಲಿ 12 ಪ್ರಯೋಗಗಳ 1,241 ರೋಗಿಗಳನ್ನು ಒಟ್ಟಾಗಿ ನೋಡಿದಾಗ, ಆಂಟಿಬಯಾಟಿಕ್ ಪಡೆದವರಲ್ಲಿ ಸಾವೂ ಕಡಿಮೆಯಿತ್ತು. ವಿಚಿತ್ರವೆಂದರೆ, ಈ ಇಂಜೆಕ್ಷನ್‌ಗೆ ಹೆದರುವ ಮನೆಯವರೇ ಕಾಮಾಲೆಗೆಂದು ಹೆಸರು ಗೊತ್ತಿಲ್ಲದ ಸೊಪ್ಪಿನ ರಸವನ್ನೂ ಮಂಡಿನೋವಿಗೆಂದು ಅಂಗಡಿಯ ಮಾತ್ರೆಯನ್ನೂ ರೋಗಿಗೆ ನಿಶ್ಚಿಂತೆಯಿಂದ ಕೊಟ್ಟಿರುತ್ತಾರೆ!

ಆಂಟಿಬಯಾಟಿಕ್ ಒಂದರಿಂದಲೇ ರಕ್ತ ನಿಲ್ಲದು. ಅದಕ್ಕೆ ಬೇರೆ ಔಷಧವೂ, ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಕ್ಕೆ ಬ್ಯಾಂಡ್ ಹಾಕುವುದೂ ಬೇಕು.

ನೀವು ಕೇಳದ ಮಾತೊಂದನ್ನೂ ಹೇಳಿಬಿಡುತ್ತೇನೆ. ರೋಗಿ ಸ್ಥಿರವಾಗಿದ್ದರೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ರಕ್ತ ಕೊಟ್ಟು, 7ರಿಂದ 8ರ ನಡುವೆ ಇರಿಸಿದರೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಹೆಚ್ಚು ಏರಿಸಿದರೆ ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರಿ ಮತ್ತೆ ರಕ್ತವಾಂತಿಯಾಗಬಹುದು. ಊರಿನ ಹುಡುಗರನ್ನೆಲ್ಲ ರಕ್ತ ಕೊಡಲು ಕರೆತಂದು, ‘ಇನ್ನೆರಡು ಬಾಟಲಿ ಏರಿಸಿ’ ಎಂದು ಸಿಸ್ಟರ್ ಹಿಂದೆ ಬೀಳಬೇಡಿ.