ಅಂತರ ಗ್ರಂಥಾಲಯ ಎರವಲು

ನಿಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಅದೇ ಗ್ರಂಥಾಲಯ ಬೇರೆ ವಿಶ್ವವಿದ್ಯಾಲಯದಿಂದ ತರಿಸಿಕೊಡುವ ಏರ್ಪಾಡು ಇದು. ಗ್ರಂಥಾಲಯದವರ ಬಾಯಲ್ಲಿ ಐಎಲ್‌ಎಲ್, ಅಂದರೆ ಇಂಟರ್ ಲೈಬ್ರರಿ ಲೋನ್. ಇಲ್ಲಿ ಎರವಲು ಪಡೆಯುವುದು ವಿದ್ಯಾರ್ಥಿಯಲ್ಲ, ಗ್ರಂಥಾಲಯ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಓದುವವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪುಸ್ತಕ ಬೇಕಾದರೆ ಅಲ್ಲಿಗೆ ತಾವೇ ಬರೆಯುವುದಲ್ಲ, ತಮ್ಮ ಗ್ರಂಥಪಾಲಕರ ಮೂಲಕ ಕೇಳಬೇಕು. ಪುಸ್ತಕ ಕಳೆದರೆ ಕಳಿಸಿದವರಿಗೆ ಉತ್ತರ ಹೇಳಬೇಕಾದವರೂ ಅವರೇ. ಹಾಗಾಗಿ ಬಾಕಿ ಇಟ್ಟುಕೊಂಡವರಿಗೆ ಈ ಸೌಲಭ್ಯ ಸಿಗುವುದು ಕಷ್ಟ.

ಅರ್ಜಿಗಿಂತ ಹುಡುಕಾಟವೇ ದೊಡ್ಡ ಕೆಲಸ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಅದರ 'ಇಂಡ್‌ಕ್ಯಾಟ್' ದೇಶದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಪುಸ್ತಕಗಳ ಒಟ್ಟು ಸೂಚಿ, ಆನ್‌ಲೈನಿನಲ್ಲಿದೆ. ಯಾವ ಪುಸ್ತಕ ಎಲ್ಲಿದೆ ಎಂದು ಅಲ್ಲಿ ನೋಡಬಹುದು. ಕನ್ನಡ ಪುಸ್ತಕಗಳಿಗೆ ಮಾತ್ರ ಒಂದು ತೊಡಕು: ಹಲವು ಸೂಚಿಗಳಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ, ಅದೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. 'ಶಾಸನ' ಎಂಬುದನ್ನು ಎಚ್ ಇಟ್ಟು, ಎಚ್ ಬಿಟ್ಟು, ಎರಡು ಎ ಹಾಕಿ ಹುಡುಕಿ; ಆಮೇಲೆ ಲೇಖಕರ ಹೆಸರಿನಿಂದ. ಸ್ಥಳೀಯ ವಿಷಯವಾದರೆ ಊರಿನ ಹೆಸರೂ ಮೋಸ ಮಾಡುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಸಾಮಗ್ರಿ ಚಿತ್ರದುರ್ಗದ ಹೆಸರಿನಲ್ಲಿರುತ್ತದೆ. ಹೊನ್ನಾಳಿ, ಚನ್ನಗಿರಿಯದು ಶಿವಮೊಗ್ಗದಡಿ, ಹರಪನಹಳ್ಳಿಯದು ಬಳ್ಳಾರಿಯಡಿ. ಬ್ರಿಟಿಷರ ಕಾಲದ್ದಾದರೆ 'ಚಿತಲ್‌ದ್ರೂಗ್' ಎಂದೂ ಹುಡುಕಬೇಕು.

ಸಿಕ್ಕ ಮೇಲೆ ಅರ್ಜಿಯಲ್ಲಿ ಲೇಖಕ, ಪೂರ್ತಿ ಶೀರ್ಷಿಕೆ, ಮುದ್ರಣ, ಪ್ರಕಾಶಕ, ವರ್ಷ, ಯಾವ ಗ್ರಂಥಾಲಯದಲ್ಲಿದೆ, ಅಲ್ಲಿನ ಕರೆ ಸಂಖ್ಯೆ (ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತಿಳಿಸುವ 'ಕಾಲ್ ನಂಬರ್') ಬರೆಯಿರಿ. ಬರೀ ಶೀರ್ಷಿಕೆ ಬರೆದರೆ ಬೇರೆ ಮುದ್ರಣವೋ ಬೇರೆ ಸಂಪುಟವೋ ಬಂದು ಕೂರುತ್ತದೆ. ಅಂಚೆ ಖರ್ಚು ಯಾರದು ಎಂದು ಮೊದಲೇ ಕೇಳಿ. ವಾಪಸಾತಿ ದಿನ ಗೊತ್ತುಮಾಡುವುದು ಕೊಟ್ಟ ಗ್ರಂಥಾಲಯ, ನಿಮ್ಮದಲ್ಲ. ನಿಮ್ಮ ಗ್ರಂಥಾಲಯ ದೆಹಲಿಯ ಗ್ರಂಥಾಲಯ ಜಾಲ ಡೆಲ್‌ನೆಟ್‌ನ ಸದಸ್ಯವಾಗಿದ್ದರೆ ಆ ಜಾಲದ ಮೂಲಕವೂ ಪುಸ್ತಕ ತರಿಸಬಹುದು.

ಪರಾಮರ್ಶನ ಗ್ರಂಥ, ರಟ್ಟುಕಟ್ಟಿದ ಪತ್ರಿಕೆ ಸಂಪುಟ, ಅಪರೂಪದ ಪ್ರತಿ, ಪಿಎಚ್.ಡಿ. ಪ್ರಬಂಧ ಸಾಮಾನ್ಯವಾಗಿ ಹೊರಗೆ ಹೋಗುವುದಿಲ್ಲ. ಪ್ರಬಂಧವನ್ನು ಮೊದಲು 'ಶೋಧಗಂಗಾ'ದಲ್ಲಿ, ಅಂದರೆ ಇನ್‌ಫ್ಲಿಬ್‌ನೆಟ್‌ನ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ, ನೋಡಿ. ಅಧ್ಯಾಯವಾರು ಪಿಡಿಎಫ್ ಇರುತ್ತದೆ, ಕೊನೆಯ ಗ್ರಂಥಸೂಚಿಯೊಂದೇ ಎಷ್ಟೋ ಸಲ ಸಾಕಾಗುತ್ತದೆ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದೇ 2009ರಲ್ಲಿ, ಅದಕ್ಕೂ ಹಳೆಯವನ್ನು ಕುವೆಂಪು ವಿಶ್ವವಿದ್ಯಾಲಯದ ಹೆಸರಿನಲ್ಲಿ ಹುಡುಕಿ. ಜರ್ನಲ್ ಲೇಖನಕ್ಕೆ ಈಗ ಅಲೆದಾಟ ಕಡಿಮೆ: 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಡಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ತೆರೆದಿವೆ. ಮೊದಲು ಕ್ಯಾಂಪಸ್ ಜಾಲದಲ್ಲಿ ಪ್ರಯತ್ನಿಸಿ.

ಖುದ್ದಾಗಿ ಹೋಗುವುದೇ ಆದರೆ ವಿಭಾಗ ಮುಖ್ಯಸ್ಥರ ಅಥವಾ ಗ್ರಂಥಪಾಲಕರ ಪರಿಚಯ ಪತ್ರ ಬೇಕು: ಲೆಟರ್‌ಹೆಡ್, ಸಹಿ, ಮೊಹರು, ನಿಮ್ಮ ನೋಂದಣಿ ಸಂಖ್ಯೆ, ಸಂಶೋಧನೆಯ ವಿಷಯ, ಹೋಗುವ ದಿನಾಂಕ. ದಿನಾಂಕವಿಲ್ಲದ ಪತ್ರ ಹಿಡಿದು ಹೋದರೆ ಕೌಂಟರಿನಲ್ಲೇ ತಕರಾರು. ಗುರುತಿನ ಚೀಟಿಯೂ ಜೊತೆಗಿರಲಿ. ಅತಿಥಿ ಓದುಗರಿಗೆ ಸಿಗುವುದು ಕೂತು ಓದುವ ಅವಕಾಶ ಮಾತ್ರ, ಮನೆಗೆ ಪುಸ್ತಕವಿಲ್ಲ. ಬ್ಯಾಗನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ, ಆದ್ದರಿಂದ ಬಿಡಿ ಹಾಳೆ, ಪೆನ್ನು ಕೈಯಲ್ಲಿರಲಿ. ರಜೆ, ಪರೀಕ್ಷೆಯ ದಿನಗಳಲ್ಲಿ ಸಮಯ ಬದಲಾಗುವುದರಿಂದ ಬಸ್ಸು ಹತ್ತುವ ಮೊದಲು ಒಂದು ಫೋನ್ ಮಾಡಿ, ಬೇಕಾದ ಪ್ರತಿ ಕಪಾಟಿನಲ್ಲಿದೆಯೋ ಬೈಂಡಿಂಗಿಗೆ ಹೋಗಿದೆಯೋ ಎಂದೂ ಕೇಳಿಬಿಡಿ.