ಬೇಲ ಬೇರೆ, ಬೇಲ್ ಬೇರೆ

"ಮೇಡಂ, ಗಿಡದ ಹೆಸರು ಇಂಗ್ಲಿಷಲ್ಲಿ ಹಾಕಿದ್ರೆ ಸಾಕು. ಆ ಲ್ಯಾಟಿನ್ ಯಾಕೆ? ಓದೋರು ಹೆದರ್ತಾರೆ."

ಗಿಡಮರ, ಮನೆಮದ್ದು ಕುರಿತ ಕನ್ನಡ ಬರಹಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕಸುಬು. ಈ ಮಾತು ಕೇಳದೆ ಒಂದು ಹಸ್ತಪ್ರತಿಯೂ ನನ್ನ ಮೇಜು ದಾಟಿಲ್ಲ.

ಬೇಲದ ಹಣ್ಣನ್ನೇ ತಗೊಳ್ಳಿ. ರಾಮನವಮಿಗೆ ಬೆಲ್ಲ ಹಾಕಿ ಪಾನಕ ಮಾಡುತ್ತೇವಲ್ಲ, ಅದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ವುಡ್ ಆಪಲ್ ಅಂತಾರೆ. ಆದರೆ ಇಂಗ್ಲಿಷಿನವರ 'ಬೇಲ್' ನಮ್ಮ ಬೇಲ ಅಲ್ಲ, ಬಿಲ್ವ! ಸಾಲದ್ದಕ್ಕೆ ಕೆಲವು ಪುಸ್ತಕಗಳು ಬಿಲ್ವವನ್ನೂ ವುಡ್ ಆಪಲ್ ಅಂತಲೇ ಕರೆಯುತ್ತವೆ. ಎರಡೂ ನಿಂಬೆಯ ಕುಟುಂಬದವು, ಎರಡಕ್ಕೂ ಗಟ್ಟಿ ಚಿಪ್ಪು, ನಿಜ. ಆದರೆ ಬಿಲ್ವದ್ದು ಮೂರೆಲೆಯ ಪತ್ರೆ, ಹಣ್ಣಿನ ತಿರುಳು ಸಿಹಿ, ಅಂಟಂಟು. ಬೇಲದ್ದು ಒಂದೇ ಕಡ್ಡಿಗೆ ಐದೋ ಏಳೋ ಪುಟ್ಟ ಎಲೆ, ತಿರುಳು ಹುಳಿ. ಲ್ಯಾಟಿನ್‌ನಲ್ಲಿ ಲಿಮೋನಿಯಾ ಅಸಿಡಿಸಿಮಾ ಅಂತ ಬರೆದರೆ ಅದು ಬೇಲವೇ. ಅಸಿಡಿಸಿಮಾ ಅಂದರೆ 'ಬಲು ಹುಳಿ', ರುಚಿ ಹೆಸರಲ್ಲೇ ಇದೆ. ಈಗ್ಲಿ ಮಾರ್ಮೆಲೋಸ್ ಅಂದರೆ ಬಿಲ್ವ. ಇದರಲ್ಲಿ ಹೆದರುವಂಥದ್ದು ಏನಿದೆ?

ನಿವೃತ್ತ ಮೇಷ್ಟ್ರೊಬ್ಬರು ತಾಯಿಯ ಅಡುಗೆ ಟಿಪ್ಪಣಿಯನ್ನು ಅಮೆರಿಕದ ಮೊಮ್ಮಕ್ಕಳಿಗಾಗಿ ಅನುವಾದ ಮಾಡಿಸಿದರು. ಹಟ ಹಿಡಿದು ಲ್ಯಾಟಿನ್ ತೆಗೆಸಿದರು, ಬೇಲ ಇದ್ದಲ್ಲೆಲ್ಲ ತಾವೇ 'ಬೇಲ್' ಅಂತ ತಿದ್ದಿದರು. ಸೊಸೆ ಅಂಗಡಿಯಿಂದ ಬೇಲ್ ಡಬ್ಬಿ ತಂದು ಪಾನಕ ಮಾಡಿದಳಂತೆ. "ಲೋಳೆ ಲೋಳೆ, ಹುಳೀನೇ ಇಲ್ಲ, ಅಜ್ಜಿ ಏನಾದ್ರೂ ತಪ್ಪು ಬರೆದಿದ್ರಾ?" ಅಂತ ಫೋನು. ಪಾಪ, ಅಜ್ಜಿ ಸರಿಯಾಗೇ ಬರೆದಿದ್ದರು.

ಓದುಗರು ಹೆದರ್ತಾರೆ ಅನ್ನುವ ಭಯ ಹೊಸದೇನಲ್ಲ. 1776ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯರು ಬ್ರಿಟನ್ನಿನ ಗಿಡಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಹೆಂಗಸರು ಓದುತ್ತಾರೆ, ಮುಜುಗರ ಆಗಬಾರದು ಅಂತ ಗಿಡಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಹೂವಿನ ಭಾಗಗಳ ಬಗ್ಗೆ ಆಡಿದ ಗಂಡು-ಹೆಣ್ಣಿನ ಮಾತನ್ನು ಸುಮ್ನೆ ಪಕ್ಕಕ್ಕಿಟ್ಟರು. ಹೂವಿನ ಗಂಡು ಭಾಗವಾದ ಕೇಸರಕ್ಕೆ ಚೈವ್ಸ್, ಹೆಣ್ಣು ಭಾಗವಾದ ಶಲಾಕೆಗೆ ಪಾಯಿಂಟಲ್ಸ್ ಅಂದರು. ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಎರಾಸ್ಮಸ್ ಡಾರ್ವಿನ್ (ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ಅಜ್ಜ) ಮತ್ತು ಅಲ್ಲಿನ ಗೆಳೆಯರಿಗೆ ಅದು ಹಿಡಿಸಲಿಲ್ಲ. ಅವರು ಲಿನೇಯಸ್‌ನ ಪದಗಳಿಗೇ ಅಂಟಿಕೊಂಡು ಅನುವಾದ ಮಾಡಿದರು. ಇವತ್ತು ಶಾಲೆ ಮಕ್ಕಳು ಸ್ಟೇಮನ್, ಪಿಸ್ಟಿಲ್ ಅಂತ ಬಾಯಿಪಾಠ ಮಾಡುತ್ತಾರೆ. ಪಾಯಿಂಟಲ್ ಅಂದರೆ ಯಾರಿಗೆ ಗೊತ್ತು?

ಪಾನಕ ಕೆಟ್ಟರೆ ಚೆಲ್ಲಬಹುದು. ಔಷಧಿ ಹಾಗಲ್ಲ. ನಾನು ವೈದ್ಯೆ ಅಲ್ಲ, ಯಾವುದನ್ನು ಯಾವುದಕ್ಕೆ ಕೊಡಬೇಕು ಅಂತ ಹೇಳಲಾರೆ. ಆದರೆ ಬ್ರಾಹ್ಮಿ ಅಂತ ಒಬ್ಬರು ಒಂದೆಲಗ ಕೊಟ್ಟರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ; ಎರಡೂ ಬೇರೆ ಬೇರೆ ಗಿಡ. ಹಾಗಾಗಿ ಈಗ ಒಂದೇ ಷರತ್ತು: ಹಸ್ತಪ್ರತಿ ಜೊತೆ ಆ ಗಿಡದ ಎಲೆನೂ ತನ್ನಿ.

ಮೊನ್ನೆ ಅದೇ ಮೇಷ್ಟ್ರು ತಾಯಿಯ ಇನ್ನೊಂದು ನೋಟ್‌ಬುಕ್ ತಂದರು. ಈ ಸಲ ಮನೆಮದ್ದಿನದು. ನಡುವೆ ಒಣಗಿದ ದುಂಡನೆ ಎಲೆ, ಅಂಚು ಕಚ್ಚುಕಚ್ಚು.

"ಒಂದೆಲಗ ಮೇಡಂ, ಹಿತ್ತಲದ್ದೇ. ಲ್ಯಾಟಿನ್ ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಿ."