ಹಳೇ ಏರ್ ರೈಫಲ್, ಒಂದೊಂದೇ ರಿಪೇರಿ

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂತೆಂದರೆ ಬಲೂನು ಹೊಡೆಯುವ ಅಂಗಡಿ ಇರಲೇಬೇಕು. ಗುರಿಯಿಟ್ಟ ಬಲೂನು ಹಾಗೇ ಇರುತ್ತದೆ, ಪಕ್ಕದ್ದು ಒಡೆಯುತ್ತದೆ. 'ಗನ್ನೇ ಸೊಟ್ಟ' ಎಂದು ಬೈದುಕೊಂಡು ಬರುತ್ತೇವೆ. ಆದರೆ ಪ್ರತಿ ಸಲವೂ ಅದೇ ಪಕ್ಕದ ಬಲೂನು ಒಡೆದರೆ ಆ ಗನ್ ಒಳ್ಳೆಯದೇ. ಗುರಿ ನೋಡಲು ಗನ್ ಮೇಲಿರುವ ಸೈಟ್ ಸ್ವಲ್ಪ ತಿರುಗಿಸಿದರೆ ಸಾಕು. ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ, ಇನ್ನೊಮ್ಮೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ ಅನ್ನುವಂತಿದ್ದರೆ ಅದು ತಲೆನೋವು.

ನಾನು ಐದು ಸಾವಿರಕ್ಕೆ ಕೊಂಡ ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಈ ಎರಡನೇ ಜಾತಿಯದು. ನಳಿಗೆ ಮಡಚಿ ಸ್ಪ್ರಿಂಗ್ ಒತ್ತುವ ಹಳೇ ಮಾದರಿ. ಹೊಸದು ಕೊಳ್ಳುವಷ್ಟು ದುಡ್ಡಿರಲಿಲ್ಲ. ಇದನ್ನೇ ತಿಂಗಳಿಗಿಷ್ಟು ಅಂತ ಸರಿ ಮಾಡಿಕೊಳ್ಳೋಣ ಎಂದುಕೊಂಡೆ. ಮೊದಲು ಏನು ಬದಲಿಸಬೇಕು ಅನ್ನುವುದು ಮಾತ್ರ ತಿಳಿಯಲಿಲ್ಲ. ಹೆಗಲಿಗೊತ್ತುವ ಸ್ಟಾಕೋ, ಟ್ರಿಗರ್ರೋ, ದುರ್ಬೀನಿನಂಥ ಸ್ಕೋಪೋ?

ಮನೆಯ ಹಿಂದಿನ ಗೋಡೆಗೆ ತಗಡಿನ ಡಬ್ಬಿ ಇಟ್ಟು, ಒಳಗೆ ಹಳೇ ಬಟ್ಟೆ ಗಿಡಿದು ತುಂಬಿ, ಮುಂದೆ ಕಾಗದ ಅಂಟಿಸಿದೆ. ದೂರ 10 ಮೀಟರ್. ಹತ್ತು ಗುಂಡು ಹೊಡೆದು, ತೀರಾ ದೂರದ ಎರಡು ತೂತುಗಳ ನಡುವೆ ಸ್ಕೇಲಿಟ್ಟೆ. 38 ಮಿಲಿಮೀಟರ್. ಒಲಿಂಪಿಕ್ಸ್‌ನಲ್ಲೂ ದೂರ ಇಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ನನ್ನ ಕಾಗದ ನೋಡಿ ಮಗಳು 'ಇಲಿ ಕಡಿದಂಗೈತೆ' ಅಂದಳು.

ಹತ್ತೇ ಏಕೆ, ಮೂರು ಹೊಡೆದರೆ ಸಾಲದೇ? ಸಾಲದು. ಮೂರು ಗುಂಡು ಅದೃಷ್ಟಕ್ಕೆ ಒಂದೇ ಕಡೆ ಬೀಳಬಹುದು. ಆಗ ಮೊನ್ನೆ ಹಾಕಿದ ಹೊಸ ಸ್ಕ್ರೂನಿಂದಲೇ ಹೀಗಾಯಿತು ಎಂದು ಖುಷಿಪಡುತ್ತೇವೆ. ಹತ್ತರಲ್ಲಿ ಸುಳ್ಳು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಇನ್ನೊಂದು ಪಥ್ಯ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೈಯಲ್ಲಿ ದುಡ್ಡಿಲ್ಲದವನಿಗೆ ಈ ಪಥ್ಯ ತಾನಾಗಿಯೇ ನಡೆಯುತ್ತದೆ.

ಮೊದಲ ಖರ್ಚು ಗುಂಡಿಗೆ. ಪೆಲೆಟ್ ನೋಡಿದ್ದೀರಲ್ವಾ, ಡಮರುಗದ ಹಾಗೆ ನಡು ಸಣ್ಣ. ಹಿಂಭಾಗ ಟೊಳ್ಳು, ಅಂಚು ತೆಳು. ಗಾಳಿ ಹಿಂದಿನಿಂದ ನೂಕಿದಾಗ ಆ ಅಂಚು ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ಒಳಗಿನ ಸುರುಳಿ ಗೆರೆಗಳು ಅದನ್ನು ಬುಗುರಿಯಂತೆ ತಿರುಗಿಸುತ್ತವೆ. ತಲೆಯ ಅಗಲ 4.49, 4.50, 4.51 ಮಿಲಿಮೀಟರ್ ಎಂದೆಲ್ಲ ಇರುತ್ತದೆ. ಯಾವ ನಳಿಗೆಗೆ ಯಾವುದು ಒಗ್ಗುತ್ತದೋ ಹೊಡೆದೇ ನೋಡಬೇಕು. ಮೂರು ಬಗೆಯ ಡಬ್ಬಿ ತಂದೆ. ಅದರಲ್ಲೊಂದು 38ನ್ನು 27ಕ್ಕೆ ಇಳಿಸಿತು. ಅದು ದುಬಾರಿಯದ್ದಲ್ಲ, ನಡುವಿನದು.

ಇಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದೆ. ಗುಂಡುಗಳ ತೂಕ ಒಂದೇ ಸಮ ಇರುವುದಿಲ್ಲ ಎಂದು ಓದಿ, ಮಂಡಿಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಗೆ ನೂರು ಗುಂಡು ಒಯ್ದೆ. 'ಚಿನ್ನದ ರೇಟಿಗೆ ಹೆದರಿ ಸೀಸ ತೂಗಿಸಾಕೆ ಬಂದ್ರೇನು ಸಾರ್' ಎಂದು ನಕ್ಕರು. ಒಂದೊಂದು ಗುಂಡು ಸುಮಾರು 0.53 ಗ್ರಾಂ, ಒಂದಕ್ಕೂ ಇನ್ನೊಂದಕ್ಕೂ ಶೇಕಡಾ 4ರವರೆಗೆ ವ್ಯತ್ಯಾಸ. ಎರಡು ಸಂಜೆ ವಿಂಗಡಿಸಿದ ಮೇಲೆ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು! ಗುಂಡು 10 ಮೀಟರ್ ಹೋಗಲು ಸೆಕೆಂಡಿನ ನೂರರಲ್ಲಿ ಆರು ಭಾಗ ಸಾಕು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 18 ಮಿಲಿಮೀಟರ್ ಕೆಳಗೆಳೆಯುತ್ತದೆ. ಶೇಕಡಾ 4 ತೂಕ ಜಾಸ್ತಿಯಾದರೆ ವೇಗ ಶೇಕಡಾ 2 ಕಮ್ಮಿ, ಬೀಳುವುದು ಶೇಕಡಾ 4 ಜಾಸ್ತಿ. ಅಂದರೆ 0.7 ಮಿಲಿಮೀಟರ್. 27ರ ಮುಂದೆ ಇದೇನು ಲೆಕ್ಕ? ಸುಮ್ನೆ ಎರಡು ಸಂಜೆ ಹೋಯಿತು.

ಮುಂದಿನ ಸುಧಾರಣೆಗೆ ಒಂದು ಪೈಸೆಯೂ ಬೀಳಲಿಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದಾಗ ಗುಂಡು ಆಗಲೇ ಹೊರಡುವುದಿಲ್ಲ. ಸ್ಪ್ರಿಂಗ್ ನೂಕಿದ ಭಾರದ ಪಿಸ್ಟನ್ ಗಾಳಿಯನ್ನು ಒತ್ತುತ್ತಾ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿಗೆ ಬಂದು ತಡೆದಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಈ ಕುಣಿತ ನಡೆಯುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ. ಬಿಗಿಯಾಗಿ ಹಿಡಿದರೆ ಕುಣಿತ ನಿಲ್ಲುವುದಿಲ್ಲ, ಬೇರೆ ದಿಕ್ಕಿಗೆ ತಿರುಗುತ್ತದೆ. ನಮ್ಮ ಬಿಗಿ ಪ್ರತಿ ಸಲವೂ ಒಂದೇ ಇರುವುದಿಲ್ಲವಲ್ಲ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಮೆಕ್ಕೆಜೋಳ ತುಂಬಿ, ಅದರ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್ ಇಟ್ಟೆ. ಹಿಡಿಯಲಿಲ್ಲ, ಕೂರಿಸಿದೆ ಅಷ್ಟೇ. 19ಕ್ಕೆ ಬಂತು.

ಹುರುಪಿನಲ್ಲಿ ಒಂದು ಎಡವಟ್ಟೂ ಆಯಿತು. ಪಿಸ್ಟನ್ ಸಲೀಸಾಗಿ ಓಡಲಿ ಎಂದು ಗಾಳಿ ತೂತಿಗೆ ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ. ಮರುಹೊಡೆತಕ್ಕೆ ಪಟಾಕಿಯಂಥ ಸದ್ದು, ನಳಿಗೆಯಿಂದ ನೀಲಿ ಹೊಗೆ. ಗಾಳಿಯನ್ನು ಗಕ್ಕನೆ ಒತ್ತಿದರೆ ಅದು ಬಿಸಿಯಾಗುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಎಣ್ಣೆ ಹೊತ್ತಿಕೊಳ್ಳುವುದು ಹೀಗೇ. ನಾನು ಐದು ಸಾವಿರದ ಇಂಜಿನ್ ಮಾಡಿಟ್ಟಿದ್ದೆ. ಗಾಳಿ ಸೋರದಂತೆ ಪಿಸ್ಟನ್ ತುದಿಗೆ ಹಾಕಿದ ಸೀಲ್ ಸುಟ್ಟಿತು, ಬದಲಿಸಬೇಕಾಯಿತು. ಅಂಗಡಿಯಾತ 'ಹಂಗೇ ಜೋರಾದ ಸ್ಪ್ರಿಂಗೂ ಹಾಕಿಬಿಡ್ಲಾ' ಎಂದ. ಬೇಡ ಅಂದೆ. ಜೋರು ಸ್ಪ್ರಿಂಗಿಗೆ ಕುಣಿತವೂ ಜೋರು. ಸಾಲದ್ದಕ್ಕೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಶಕ್ತಿ 20 ಜೂಲ್ ದಾಟಿದರೆ ಏರ್ ರೈಫಲ್‌ಗೂ ಲೈಸೆನ್ಸ್ ಬೇಕು. ಕಾಗದಕ್ಕೆ ತೂತು ಮಾಡಲು 8 ಜೂಲ್ ಧಾರಾಳ.

ಆಮೇಲೆ ಕಣ್ಣಿನ ಸರದಿ. ನಲವತ್ತೈದು ದಾಟಿದ ನನಗೆ ಹಿಂದಿನ ಸೈಟ್ ಮಸುಕು, ಮುಂದಿನದು ಅರೆಮಸುಕು. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದ್ದರೆ, ಅಲ್ಲಿ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್, ತಪ್ಪಿದರೂ ಕಾಗದದ ಮೇಲೆ 2 ಮಿಲಿಮೀಟರ್. ಸ್ಕೋಪ್‌ಗೆ ದುಡ್ಡಿರಲಿಲ್ಲ. ಲೇಥ್ ಅಂಗಡಿಯಲ್ಲಿ ತಗಡಿನ ಬಿಲ್ಲೆಗೆ ಒಂದು ಮಿಲಿಮೀಟರ್ ತೂತು ಕೊರೆಸಿ, ರೈಫಲ್‌ನ ಹಿಂತುದಿಗೆ ಕೂರಿಸಿದೆ. ಸಣ್ಣ ತೂತಿನಿಂದ ನೋಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡ್ ಓದಲು ಕಣ್ಣು ಕಿರಿದು ಮಾಡುವುದೂ ಇದಕ್ಕೇ.

ಈಗ ಮುಂದಿನ ಸೈಟ್ ಸೂಜಿಯಷ್ಟು ಚೂಪು. ಆದರೆ ತೂತುಗಳ ಹರವು 19ರಿಂದ 24ಕ್ಕೆ ಏರಿತು! ಒಂದು ವಾರ ತಲೆ ಕೆರೆದುಕೊಂಡೆ. ಎಲ್ಲ ತೂತುಗಳೂ ಮೇಲೆ ಕೆಳಗೆ ಹರಡಿದ್ದವು, ಅಡ್ಡಕ್ಕಲ್ಲ. ಹಳೇ ಸೈಟ್‌ಗಳು ಎರಡೂ ನಳಿಗೆಯ ಮೇಲೇ ಇದ್ದವು. ಮಡಚುವ ಕೀಲು ಸಡಿಲವಾಗಿ ನಳಿಗೆ ಅಲುಗಿದರೂ ಸೈಟ್‌ಗಳು ಜೊತೆಗೇ ಅಲುಗುತ್ತಿದ್ದವು, ತಪ್ಪು ಕಾಣುತ್ತಿರಲಿಲ್ಲ. ಹೊಸ ಬಿಲ್ಲೆ ಕೂತಿರುವುದು ರೈಫಲ್‌ನ ಮೈ ಮೇಲೆ. ಅಲ್ಲಿಗೆ ಕೀಲಿನ ಗುಟ್ಟು ಬಯಲಾಯಿತು. ಇದೆಲ್ಲವನ್ನೂ ಒಂದೇ ದಿನ ಬದಲಿಸಿದ್ದರೆ ಆ ಕೀಲನ್ನು ನಾನು ಹುಡುಕುತ್ತಲೇ ಇರಲಿಲ್ಲ. ಬಿಲ್ಲೆಯನ್ನೇ ಬೈದು ಎಸೆದುಬಿಡುತ್ತಿದ್ದೆ.

ನಳಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಕೀಲಿನಲ್ಲಿ 'ಟಿಕ್' ಎಂದು ಕೇಳಿಸುತ್ತದೆ. ಲೇಥ್ ಅಂಗಡಿಯವರು ಕಿವಿಗಿಟ್ಟು ಕೇಳಿದರು. ತೆಳ್ಳನೆಯ ಹಿತ್ತಾಳೆ ವಾಷರ್ ಹಾಕಬೇಕಂತೆ, ಎಂಬತ್ತು ರೂಪಾಯಿ. ಸೋಮವಾರ ಬಾ ಅಂದಿದ್ದಾರೆ.